ಮೈನಸ್ ಒಂಬತ್ತು

ಹದಿನೇಳು ವರ್ಷದಿಂದ ಕೋಲ್ಡ್ ಸ್ಟೋರೇಜಿನಲ್ಲಿ
ಆಲೂಗಡ್ಡೆಯ ಲೆಕ್ಕ ಬರೆಯುವವಳು ನಾನು.
ಹಾಸನದ ಎಷ್ಟೋ ಹೊಲಗಳ ಬಿತ್ತನೆ
ನನ್ನ ಪೆನ್ನಿನಡಿ ಮಲಗಿ ಎದ್ದಿದೆ.
ಚಳಿಯ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ:
ತುಸು ಹೆಚ್ಚಾದರೆ ಗಡ್ಡೆ ಸಿಹಿಯಾಗುತ್ತದೆ,
ಇನ್ನೂ ಹೆಚ್ಚಾದರೆ ಒಳಗೇ ಕಪ್ಪಾಗುತ್ತದೆ,
ಸಿಪ್ಪೆ ಮಾತ್ರ ಏನೂ ಆಗದವಳ ಹಾಗೆ ಕೂತಿರುತ್ತದೆ.

ಆದರೂ ಹೋದೆ.
ಸಾಲಗಾಮೆ ರಸ್ತೆ, ಮೆಡಿಕಲ್ ಶಾಪಿನ ಮೇಲೆ, ಎರಡನೇ ಮಹಡಿ.
ಲಿಫ್ಟಿಲ್ಲ. ಮೆಟ್ಟಿಲು ಹತ್ತಿದ್ದಕ್ಕೇ ಒಂದಷ್ಟು ಕರಗಿರಬೇಕು,
ಅದಕ್ಕೆ ಅವರು ದುಡ್ಡು ಕೇಳಲಿಲ್ಲ.

"ತೂಕ ಇಳಿಯಲ್ಲ," ಅಂದರು ಡಾಕ್ಟರ್, ಮರ್ಯಾದಸ್ಥರು.
"ಆ ಜಾಗದ ಕೊಬ್ಬು ತೆಳ್ಳಗಾಗುತ್ತೆ. ನೂರಕ್ಕೆ ಇಪ್ಪತ್ತು ಪಾಲು.
ಎರಡು ಮೂರು ತಿಂಗಳು ಕಾಯಬೇಕು."
ನೂರು ಮೂಟೆಯಲ್ಲಿ ಇಪ್ಪತ್ತು ಹೋದರೆ
ನಮ್ಮಲ್ಲಿ ಅದಕ್ಕೆ ನಷ್ಟ ಅನ್ನುತ್ತಾರೆ.
ಇಲ್ಲಿ ಅದಕ್ಕೇ ನಲವತ್ತೆರಡು ಸಾವಿರ.
ರಸೀದಿಯ ಹಿಂಬದಿಯ ಸಣ್ಣಕ್ಷರವನ್ನೆಲ್ಲ
ರೈತರಿಗೆ ಓದಿ ಹೇಳುವವಳು
ಒಪ್ಪಿಗೆ ಪತ್ರದ ಮೂರನೇ ಪುಟ ಓದದೆ ಸಹಿ ಹಾಕಿದೆ.

ಕೊಬ್ಬು ಎಂಬ ಮಾತು ನನಗೆ ಮೊದಲು ಸಿಕ್ಕಿದ್ದು ಹೊಟ್ಟೆಯಲ್ಲಲ್ಲ,
ಏಳನೇ ಕ್ಲಾಸಿನಲ್ಲಿ, ಲೆಕ್ಕದ ಮೇಷ್ಟ್ರ ಬಾಯಲ್ಲಿ,
ಬೋರ್ಡಿನ ಮೇಲಿನ ಅವರ ಉತ್ತರ ತಪ್ಪು ಅಂದಾಗ.
ಆಮೇಲೆ ಅಮ್ಮ.
ಆಮೇಲೆ ಅತ್ತೆ: "ಸಂಬಳದ ಕೊಬ್ಬು ನೋಡು."
ಇಷ್ಟು ಜನ ಕರಗಿಸುತ್ತೇನೆಂದು ಹೊರಟು ಕೈಚೆಲ್ಲಿದ್ದನ್ನು
ಮೂವತ್ತೈದು ನಿಮಿಷದಲ್ಲಿ ಮುಗಿಸುತ್ತೇನೆಂದು
ಗೊರಗೊರ ಅನ್ನುತ್ತಿತ್ತು ಬಿಳಿ ಯಂತ್ರ.

ನಿಶಾತ್ ಅಂತ ಹುಡುಗಿ, ಅರಕಲಗೂಡಿನವಳು,
ಜೆಲ್ಲಿನ ಬಟ್ಟೆ ಹಾಸಿ ಕಪ್ ಒತ್ತಿದಳು.
ಹಸಿದ ಕರು ಕೆಚ್ಚಲಿಗೆ ಗುದ್ದಿದ ಹಾಗೆ
ಎಳೆದುಕೊಂಡಿತು ಹೊಕ್ಕುಳ ಪಕ್ಕವನ್ನು.
ಮೊದಲು ಉರಿ, ಆಮೇಲೆ ನೋವು, ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದರಲ್ಲಿ ಮೊಬೈಲಿನಿಂದ
ಎರಡು ಲಾರಿಗೆ ಗೇಟ್ ಪಾಸ್ ಕಳಿಸಿದೆ.
ಕಪ್ ತೆಗೆದಾಗ ಅಲ್ಲೊಂದು ಬೆಣ್ಣೆಯ ಇಟ್ಟಿಗೆ, ನನ್ನದೇ.
ಹಿಟ್ಟು ನಾದಿದ ಹಾಗೆ ನಾದಿದಳು ಹುಡುಗಿ, ಮುಖ ತಿರುಗಿಸಿ.

ಹದಿನೈದು ದಿನ ನೀಲಿ. ಆರು ವಾರ ಜೋಮು.
ಸೀರೆಯ ಪಿನ್ನು ಚುಚ್ಚಿದ್ದು
ಸಂಜೆ ಲಂಗದ ಮೇಲಿನ ರಕ್ತ ನೋಡಿ ಗೊತ್ತಾಯಿತು.
ರಾತ್ರಿ ಮೂರಕ್ಕೆ ಒಳಗೆ ಯಾರೋ ಬಿಸಿ ಸೂಜಿ ಎಣಿಸುತ್ತಿದ್ದರು.

ಎಡಗಡೆ ಇಳಿಯಿತು, ಸುಳ್ಳು ಹೇಳಬಾರದು.
ಟೈಲರ್ ಪದ್ಮಾಕ್ಷಿ ಟೇಪು ಹಿಡಿದು ಎರಡು ಸಲ ನೋಡಿದಳು.

ಬಲಗಡೆ, ನಾಲ್ಕನೇ ತಿಂಗಳು, ಮೊಳೆಯಿತು.
ಕೋಣೆಯಿಂದ ಹೊರಗೆ ತೆಗೆದ ಬಿತ್ತನೆಗೆ ಕಣ್ಣೊಡೆಯುವ ಹಾಗೆ.
ನೋವಿಲ್ಲ. ಗಟ್ಟಿ.
ಉದ್ದನೆ ಅಂಚು, ದುಂಡು ಮೂಲೆ,
ಆ ಕಪ್ಪಿನದೇ ಪಡಿಯಚ್ಚು, ಇಡ್ಲಿ ಎದ್ದ ಹಾಗೆ.

ಡಾಕ್ಟರ್ ಒತ್ತಿ ನೋಡಿ ಕನ್ನಡಕ ತೆಗೆದರು.
"ಬಹಳ ಅಪರೂಪ ಇದು. ಸಾವಿರಾರು ಜನಕ್ಕೆ ಒಬ್ಬರಿಗೆ.
ತಾನಾಗಿ ಹೋಗಲ್ಲ, ಆಪರೇಷನ್ನೇ.
ಮೂರನೇ ಪುಟದಲ್ಲಿ ಬರೆದಿತ್ತು."
ಸಾವಿರಾರು ಅಂದರೆ ಎಷ್ಟು ಸಾವಿರ ಸಾರ್?
ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರಂತೆ.
ಬಾಗಿಲ ಹತ್ತಿರ ನಿಶಾತ್ ಅಳುತ್ತಿದ್ದಳು.
ನಾನೇ ನೀರು ಕೊಟ್ಟೆ.

ಈಗ ಜಲಂಧರದ ಲೋಡು ಬಂದಿದೆ.
ಸ್ವೆಟರ್ ಹಾಕಿಕೊಂಡು ಕೋಣೆಯೊಳಗೆ ಮೂಟೆ ಎಣಿಸುತ್ತೇನೆ.
ಒಂದು ಕೈ ತಾನಾಗಿ ಸೆರಗಿನೊಳಗೆ ಹೋಗುತ್ತದೆ.
ಜೋಮು ಬಿಟ್ಟಿದೆ. ಮುಟ್ಟಿದರೆ ತಿಳಿಯುತ್ತದೆ,
ಮೈನಸ್ ಒಂಬತ್ತು ನೋಡಿ ಬಂದದ್ದು,
ಬೆಚ್ಚಗಿದೆ.
ಆಪರೇಷನ್ನಿಗೆ ಇನ್ನೂ ದುಡ್ಡು ಕೂಡಿಲ್ಲ, ಮನಸ್ಸೂ.

ಲೆಕ್ಕದ ಮೇಷ್ಟ್ರು ಹೋದರಂತೆ, ಮೊನ್ನೆ ಯಾರೋ ಹೇಳಿದರು.
ಪಾಪ ಅನ್ನಿಸಿತು.
ಅವರ ಉತ್ತರ ಮಾತ್ರ ಈಗಲೂ ತಪ್ಪೇ.